ಲೇಸರ್ ಮಿಡಿತದಲ್ಲಿ ಬೆಳೆಯುವ ತೆಳುಪದರ: ಪಿಎಲ್‌ಡಿ ಎಂದರೇನು, ಅದು ಹೇಗೆ ನಡೆಯುತ್ತದೆ?

ನಮ್ಮ ಎದುರು ಮನೆಯ ಹುಡುಗಿ ದಾವಣಗೆರೆಯಲ್ಲೇ ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವಳ ಚೀಲದಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಕನ್ನಡಿಯಂತೆ ಹೊಳೆಯುವ ಕಪ್ಪು ಚೌಕ. ಅವಳ ತಾಯಿ ಅದನ್ನು ನನಗೆ ತೋರಿಸಿ, “ಸರ್, ಇದನ್ನು ಲೇಸರಿನಿಂದ ಬೆಳೆಸಿದ್ದಂತೆ. ಬೆಳೆಸುವುದು ಎಂದರೇನು? ಇದೇನು ಪೈರೇ?” ಎಂದು ಕೇಳಿದರು. ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತವಿಜ್ಞಾನ ಹೇಳಿಕೊಟ್ಟ ನನಗೆ ಅಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಎದುರಾದದ್ದು ಕಡಿಮೆ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಈ ವಿಷಯ ಈಗ ನಮ್ಮ ಮನೆಗಳವರೆಗೂ ಬಂದಿರುವುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿದ ಮೇಲೆ ಚಿಪ್ಪಿನ ಸುದ್ದಿ ದಿನಪತ್ರಿಕೆಯ ಮುಖಪುಟಕ್ಕೆ ಬಂತು. ಚಿಪ್ ತಯಾರಿಸುವ ಯಂತ್ರಗಳನ್ನು ರೂಪಿಸುವ ಅಮೆರಿಕದ ಲ್ಯಾಮ್ ರಿಸರ್ಚ್ ಕಂಪನಿ 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿ ರೂಪಾಯಿಗೂ ಹೆಚ್ಚು ಹೂಡುವುದಾಗಿ ಘೋಷಿಸಿತು. ಪಲ್ಸ್ಡ್ ಲೇಸರ್ ಡಿಪಾಸಿಷನ್ ಎಂಬ ವಿಧಾನವನ್ನು ಪ್ರಯೋಗಾಲಯದಿಂದ ಕಾರ್ಖಾನೆಗೆ ತರುವ ಯಂತ್ರವನ್ನು ಇದೇ ಕಂಪನಿ 2024ರ ಮಾರ್ಚ್‌ನಲ್ಲಿ ಹೊರತಂದಿತ್ತು. ಎದುರು ಮನೆಯ ಹುಡುಗಿ ಮಾಡುತ್ತಿರುವುದೂ ಇದೇ ಕೆಲಸ. ಪ್ರಯೋಗಾಲಯದಲ್ಲಿ ಎಲ್ಲರೂ ಇದನ್ನು ಪಿಎಲ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಲೇಸರ್ ಮಿಡಿತಗಳಿಂದ ಪದರ ಕೂರಿಸುವುದು.

ತೆಳು ಎಂದರೆ ಎಷ್ಟು ತೆಳು?

ಕಲಾಯಿ ಮಾಡುವವರು ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ಒಳಗೆ ತವರ ಸವರಿ, ಬಟ್ಟೆಯಿಂದ ಉಜ್ಜುವುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ. ಪಾತ್ರೆ ಹಿತ್ತಾಳೆಯದ್ದೇ, ಆದರೆ ಹುಳಿಗೆ ತಾಗುವ ಮೇಲ್ಮೈ ತವರದ್ದು. ಒಂದು ವಸ್ತುವಿನ ಬೆನ್ನ ಮೇಲೆ ಇನ್ನೊಂದು ವಸ್ತುವಿನ ಹೊದಿಕೆ ಹಾಕಿ ಹೊಸ ಗುಣ ಪಡೆಯುವುದೇ ತೆಳುಪದರದ ಮೂಲ ಉದ್ದೇಶ. ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಬಣ್ಣದ ಹೊಳಪು, ಕನ್ನಡಕದ ಗಾಜಿನ ಮೇಲೆ ಓರೆಯಾಗಿ ಕಾಣುವ ಹಸಿರು ಛಾಯೆ, ಇವೂ ತೆಳುಪದರಗಳೇ.

ಅಳತೆಗೆ ನ್ಯಾನೊಮೀಟರ್ ಎಂಬ ಮಾನ ಬೇಕು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಆ ಡಬ್ಬಿಯಲ್ಲಿರುವಂಥ ಚೌಕದ ಮೇಲಿನ ಕಪ್ಪು ಪದರ ಸಾಮಾನ್ಯವಾಗಿ 100 ನ್ಯಾನೊಮೀಟರಿನ ಆಸುಪಾಸು, ಅಂದರೆ ಕೂದಲಿನ ದಪ್ಪದ ಎಂಟುನೂರರಲ್ಲಿ ಒಂದು ಪಾಲು. ಕಲಾಯಿಯ ತವರ ಇದಕ್ಕಿಂತ ನೂರಾರು ಪಟ್ಟು ದಪ್ಪ. ಇಷ್ಟು ತೆಳ್ಳಗಾದಾಗ ಪರಮಾಣುಗಳ ಸಾಲುಗಳನ್ನು ಎಣಿಸಬಹುದು: 100 ನ್ಯಾನೊಮೀಟರಿನಲ್ಲಿ ಕೆಲವು ನೂರು ಸಾಲುಗಳಷ್ಟೇ ಇರುತ್ತವೆ. ಇದನ್ನು ಕೈಯಿಂದ ಸವರಲಾಗದು, ಬ್ರಷ್ಷಿನಿಂದ ಬಳಿಯಲಾಗದು. ವಸ್ತುವನ್ನು ಆವಿಯಾಗಿಸಿ ಆ ಆವಿಯನ್ನು ಮೇಲ್ಮೈ ಮೇಲೆ ಕೂರಿಸುವುದು ಮುಖ್ಯ ದಾರಿಗಳಲ್ಲೊಂದು. ಕಷ್ಟ ಶುರುವಾಗುವುದೂ ಇಲ್ಲಿಯೇ.

ಸಾರಿನ ಮುಚ್ಚಳ ಹೇಳುವ ಮಾತು

ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಮುಚ್ಚಳ ಎತ್ತಿ, ಅದರ ಒಳಬದಿಯ ಹನಿಯನ್ನು ನಾಲಿಗೆಗೆ ಹಚ್ಚಿ ನೋಡಿ. ಉಪ್ಪಿಲ್ಲ, ಹುಳಿಯೂ ಅಷ್ಟಿಲ್ಲ. ಸಾರಿನಲ್ಲಿ ಎಲ್ಲವೂ ಬೆರೆತಿದ್ದರೂ ಹಬೆಯಾಗಿ ಮೇಲೇರಿದ್ದು ಬಹುಪಾಲು ನೀರು ಮಾತ್ರ. ಸುಲಭವಾಗಿ ಆವಿಯಾಗುವುದು ಮೊದಲು ಹೊರಡುತ್ತದೆ, ಉಳಿದದ್ದು ತಳದಲ್ಲೇ ನಿಲ್ಲುತ್ತದೆ.

ಈಗ ಒಂದು ನಿಜವಾದ ವಸ್ತುವನ್ನು ತೆಗೆದುಕೊಳ್ಳೋಣ. ಇಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಮ್ಲಜನಕ ಸೇರಿದ ಒಂದು ಸಂಯುಕ್ತವಿದೆ. ಅದರ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿ ವೈಬಿಸಿಒ ಎನ್ನುತ್ತಾರೆ. ಇದನ್ನು ಸುಮಾರು −181 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಿದರೆ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ. ಇಂಥ ವಸ್ತುವನ್ನು ಅತಿವಾಹಕ ಎನ್ನುತ್ತಾರೆ. ಇದರ ಪಾಕ ಬಹಳ ಕಟ್ಟುನಿಟ್ಟು: ಒಂದು ಇಟ್ರಿಯಂಗೆ ಎರಡು ಬೇರಿಯಂ, ಮೂರು ತಾಮ್ರ. ಈ ಪ್ರಮಾಣ ತಪ್ಪಿದರೆ ಅದು ಬೇರೆ ವಸ್ತುವಾಗುತ್ತದೆ, ಗುಣವೂ ಹೋಗುತ್ತದೆ. ಆದರೆ ಬೇರಿಯಂ 2,000 ಡಿಗ್ರಿಯೊಳಗೇ ಕುದಿಯುತ್ತದೆ, ಇಟ್ರಿಯಂಗೆ 3,300 ಡಿಗ್ರಿಗೂ ಹೆಚ್ಚು ಬೇಕು. ನಿಧಾನವಾಗಿ ಕಾಯಿಸಿದರೆ ಸಾರಿನ ಮುಚ್ಚಳದ ಕಥೆಯೇ ಮರುಕಳಿಸುತ್ತದೆ. ಮೇಲೆ ಸೇರುವ ಪದರಕ್ಕೂ ಕೆಳಗಿನ ವಸ್ತುವಿಗೂ ಪ್ರಮಾಣವೇ ಹೊಂದುವುದಿಲ್ಲ.

ಹಾಗಾದರೆ ನೀರಿನೊಂದಿಗೆ ಉಪ್ಪೂ ಹುಳಿಯೂ ಅದೇ ಪ್ರಮಾಣದಲ್ಲಿ ಮುಚ್ಚಳಕ್ಕೆ ಹೋಗಿ ಸೇರುವಂತೆ ಮಾಡುವುದು ಹೇಗೆ? ಪಿಎಲ್‌ಡಿ ಈ ಪ್ರಶ್ನೆಗೆ ಕೊಟ್ಟ ಉತ್ತರ ವೇಗ.

ಮಂಡಕ್ಕಿ ಭಟ್ಟಿಯಲ್ಲಿ ಕಂಡದ್ದು

ನಮ್ಮ ಊರಿನ ಮಂಡಕ್ಕಿ ಭಟ್ಟಿಯ ಮುಂದೆ ಹತ್ತು ನಿಮಿಷ ನಿಂತವರಿಗೆ ವೇಗ ಏನು ಮಾಡಬಲ್ಲದು ಎಂಬುದನ್ನು ವಿವರಿಸಬೇಕಿಲ್ಲ. ಉಪ್ಪುನೀರು ಹಿಡಿದ ಅಕ್ಕಿಯನ್ನು ಸುಡುವ ಮರಳಿಗೆ ಸುರಿಯುತ್ತಾರೆ. ಉದ್ದನೆಯ ಹಿಡಿಯಿಂದ ಎರಡು ಸಲ ಕೈಯಾಡಿಸುವಷ್ಟರಲ್ಲಿ ಬಾಣಲೆ ತುಂಬ ಬಿಳಿ ಮಂಡಕ್ಕಿ ಉಬ್ಬಿ ನಿಲ್ಲುತ್ತದೆ. ಮರುಕ್ಷಣ ಜರಡಿಗೆ ಹೋಗಬೇಕು, ತಡವಾದರೆ ಸೀಯುತ್ತದೆ. ಅದೇ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಹುರಿದರೆ ಕಾಳಿನೊಳಗಿನ ತೇವ ಸದ್ದಿಲ್ಲದೆ ಸೋರಿಹೋಗಿ ಕಾಳು ಕೆಂಪಗಾಗುತ್ತದೆ, ಅಷ್ಟೆ. ಅಕ್ಕಿಯೂ ಅದೇ, ಶಾಖವೂ ಅದೇ. ಶಾಖ ಎಷ್ಟು ಬೇಗ ತಲುಪಿತು ಎಂಬುದೊಂದೇ ಫಲವನ್ನು ಬದಲಾಯಿಸಿತು. ತೇವಕ್ಕೆ ಹೊರಹೋಗಲು ಸಮಯ ಸಿಗದಿದ್ದರೆ ಕಾಳೇ ಅರಳುತ್ತದೆ.

ಅಕ್ಕಿ ಆವಿಯಾಗುವುದಿಲ್ಲ, ಹಾಗಾಗಿ ಈ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಆದರೆ ಸಮಯ ಕೊಡದಿರುವುದೇ ಲೇಸರಿನ ಕೆಲಸವೂ ಹೌದು. ಪಿಎಲ್‌ಡಿಯಲ್ಲಿ ಹೆಚ್ಚಾಗಿ ಬಳಸುವುದು ಕ್ರಿಪ್ಟಾನ್ ಮತ್ತು ಫ್ಲೋರಿನ್ ಅನಿಲಗಳ ಎಕ್ಸೈಮರ್ ಲೇಸರ್. ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಪಾರದರ್ಶಕ ಪಟಲವನ್ನು ಕೆರೆಯುವುದು ಇದರದ್ದೇ ಕುಟುಂಬದ ಇನ್ನೊಂದು ಲೇಸರ್. ಇದರ ಬೆಳಕು ನೇರಳಾತೀತ, ಕಣ್ಣಿಗೆ ಕಾಣದು. ಅದು ಒಂದೇ ಸಮನೆ ಹರಿಯುವುದಿಲ್ಲ, ಮಿಡಿತ ಮಿಡಿತವಾಗಿ ಬರುತ್ತದೆ. ಒಂದೊಂದು ಮಿಡಿತದ ಅವಧಿ ಸುಮಾರು 20 ನ್ಯಾನೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದು ಕೋಟಿಯಲ್ಲಿ ಒಂದು ಪಾಲು. ಒಂದು ಸೆಕೆಂಡನ್ನು ಹಿಗ್ಗಿಸಿ ಒಂದೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು ಮಾಡಿದರೆ, ಆ ಅಳತೆಯಲ್ಲಿ ಲೇಸರ್ ಮಿಡಿತ ಒಂದೇ ಒಂದು ಸೆಕೆಂಡು.

ಆ ಮಿಡಿತದಲ್ಲಿರುವ ಶಕ್ತಿ ಬಹಳವೇನಲ್ಲ. ಗುರಿಯನ್ನು ತಲುಪುವುದು ಸುಮಾರು 0.1 ಜೂಲ್ ಎಂದಿಟ್ಟುಕೊಳ್ಳೋಣ. ಒಂದು ನಿಂಬೆಹಣ್ಣನ್ನು ಒಂದು ಗೇಣು ಮೇಲೆತ್ತಲು ಬೇಕಾಗುವಷ್ಟು. ಆದರೆ ಅಷ್ಟನ್ನೂ 20 ನ್ಯಾನೊಸೆಕೆಂಡಿನಲ್ಲಿ ಸುರಿದರೆ ಆ ಕ್ಷಣದ ಸಾಮರ್ಥ್ಯ 50 ಲಕ್ಷ ವಾಟ್ ಆಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಈ ಕಾಲದ ದೊಡ್ಡ ಗಾಳಿಯಂತ್ರವೊಂದು ಭರ್ತಿ ಗಾಳಿಯಲ್ಲಿ ಕೊಡುವುದು 20ರಿಂದ 30 ಲಕ್ಷ ವಾಟ್. ಅಂಥ ಎರಡು ಯಂತ್ರಗಳ ಬಲವನ್ನು, ಕಣ್ಣು ಮಿಟುಕಿಸುವುದಕ್ಕಿಂತಲೂ ಲಕ್ಷಾಂತರ ಪಟ್ಟು ಚಿಕ್ಕ ಅವಧಿಗೆ, ಸಾಸಿವೆ ಕಾಳಿನಷ್ಟು ಜಾಗದ ಮೇಲೆ ಸುರಿದಂತೆ.

ಇಷ್ಟು ಚಿಕ್ಕ ಅವಧಿಯಲ್ಲಿ ಶಾಖ ವಸ್ತುವಿನ ಆಳಕ್ಕೆ ಇಳಿಯಲಾರದು. ಮೇಲಿನ ಸಿಪ್ಪೆ ಮಾತ್ರ ಸಾವಿರಾರು ಡಿಗ್ರಿಗೆ ಏರಿ ಒಮ್ಮೆಲೇ ಹಾರುತ್ತದೆ. ಬೇರಿಯಂ ಮೊದಲು, ಇಟ್ರಿಯಂ ಆಮೇಲೆ ಎಂಬ ಸರದಿಗೆ ಅಲ್ಲಿ ಅವಕಾಶವೇ ಇಲ್ಲ. ಸಿಪ್ಪೆಯಲ್ಲಿ ಯಾವ ಪ್ರಮಾಣವಿತ್ತೋ ಬಹುಮಟ್ಟಿಗೆ ಅದೇ ಪ್ರಮಾಣ ಆವಿಯಲ್ಲೂ ಇರುತ್ತದೆ. ಪಿಎಲ್‌ಡಿಯ ಬಗ್ಗೆ ಒಂದೇ ಮಾತು ನೆನಪಿಡಬೇಕಾದರೆ ಇದನ್ನು ನೆನಪಿಡಿ. ಉಳಿದ ಏರ್ಪಾಡುಗಳೆಲ್ಲ ಹಾಗೆ ಹಾರಿದ್ದನ್ನು ಕೆಡದಂತೆ ಇಳಿಸಿಕೊಳ್ಳುವುದಕ್ಕಾಗಿ.

ಚೇಂಬರಿನ ಒಳಗೆ

ಮೊದಲ ಕೆಲಸ ಗುರಿಯನ್ನು ತಯಾರಿಸುವುದು. ಪ್ರಯೋಗಾಲಯದಲ್ಲಿ ಟಾರ್ಗೆಟ್ ಎನ್ನುತ್ತಾರೆ. ಬೇಕಾದ ಪುಡಿಗಳನ್ನು ಮಿಲಿಗ್ರಾಂ ತಪ್ಪದಂತೆ ತೂಗಿ, ಗಂಟೆಗಟ್ಟಲೆ ಅರೆದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುತ್ತಾರೆ. ಹಸಿ ಇಟ್ಟಿಗೆಯನ್ನು ಸುಡುವಂತೆ ಅದನ್ನು ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ. ಸಿದ್ಧವಾದ ಬಿಲ್ಲೆ ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಹುಡುಗಿಯ ಮೊದಲ ಆರು ತಿಂಗಳು ಬಹುತೇಕ ಈ ಅರೆಯುವುದರಲ್ಲೇ ಕಳೆದವಂತೆ.

ಬಿಲ್ಲೆಯನ್ನು ಉಕ್ಕಿನ ಗೋಳದಂಥ ಚೇಂಬರಿನೊಳಗೆ ಕೂರಿಸಿ, ಸುಮಾರು ನಾಲ್ಕೈದು ಸೆಂಟಿಮೀಟರ್ ಎದುರಿಗೆ ಪದರ ಹೊರಬೇಕಾದ ಚೌಕವನ್ನು ಇಡುತ್ತಾರೆ. ಈ ಚೌಕವೇ ಸಬ್‌ಸ್ಟ್ರೇಟ್, ಅಂದರೆ ತಳಹಾಸು. ಆಮೇಲೆ ಪಂಪುಗಳು ಒಳಗಿನ ಗಾಳಿಯನ್ನು ಹೊರಹಾಕುತ್ತವೆ. ವಾತಾವರಣದ ಒತ್ತಡದ ನೂರು ಕೋಟಿಯಲ್ಲಿ ಒಂದು ಪಾಲಿನವರೆಗೂ ಇಳಿಸುವುದುಂಟು. ಅಲ್ಲಿರುವ ಧೂಳು, ತೇವ, ಸಾರಜನಕ ಯಾವುದೂ ಪದರದೊಳಗೆ ಸೇರಬಾರದು. ವೈಬಿಸಿಒದಂತೆ ಆಮ್ಲಜನಕ ಸೇರಿದ ವಸ್ತುವಿನ, ಅಂದರೆ ಆಕ್ಸೈಡ್ ಪದರವಾದರೆ ಬಳಿಕ ಅಳೆದು ಸ್ವಲ್ಪ ಆಮ್ಲಜನಕವನ್ನು ಒಳಬಿಡುತ್ತಾರೆ.

ಲೇಸರ್ ಚಾಲೂ ಆದಾಗ ಟಕ್ ಟಕ್ ಎಂಬ ಸದ್ದು ಕೇಳುತ್ತದೆ. ಪ್ರತಿ ಟಕ್ಕಿಗೂ ಬಿಲ್ಲೆಯ ಮೇಲಿಂದ ಮೊಗ್ಗಿನ ಆಕಾರದ ಬೆಳಕಿನ ಜ್ವಾಲೆ ಎದುರಿನ ಚೌಕದ ಕಡೆಗೆ ಚಿಮ್ಮುತ್ತದೆ. ಇದೇ ಪ್ಲೂಮ್. ಅದು ಬೆಂಕಿಯಲ್ಲ. ಪರಮಾಣುಗಳು, ಅಯಾನುಗಳು, ಎಲೆಕ್ಟ್ರಾನುಗಳು ಬೆರೆತ ಪ್ಲಾಸ್ಮಾ. ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಹೊರಟ ಅದಕ್ಕೆ ಒಳಗಿನ ವಿರಳ ಆಮ್ಲಜನಕ ಕಡಿವಾಣ ಹಾಕುತ್ತದೆ. ಇಲ್ಲದಿದ್ದರೆ ಅದೇ ರಭಸದಲ್ಲಿ ಅಪ್ಪಳಿಸಿ ಆಗಷ್ಟೇ ಕಟ್ಟಿದ ಪದರವನ್ನು ತಾನೇ ಕೆಡಿಸಬಹುದು. ಬಿಲ್ಲೆ ಸದಾ ತಿರುಗುತ್ತಿರುತ್ತದೆ, ಒಂದೇ ಕಡೆ ಗುಂಡಿ ಬೀಳದಿರಲಿ ಎಂದು.

ಒಂದು ಮಿಡಿತಕ್ಕೆ ಕೂರುವ ಪದರ ಒಂದು ಪರಮಾಣುವಿನ ದಪ್ಪಕ್ಕಿಂತಲೂ ಕಡಿಮೆ. ಮಿಡಿತಕ್ಕೆ 0.02 ನ್ಯಾನೊಮೀಟರ್ ಎಂದು ಹಿಡಿದರೆ, 100 ನ್ಯಾನೊಮೀಟರಿಗೆ 5,000 ಮಿಡಿತ ಬೇಕು. ಸೆಕೆಂಡಿಗೆ ಐದರಂತೆ ಹೊಡೆದರೆ ಸುಮಾರು 17 ನಿಮಿಷ. ಎಷ್ಟು ಮಿಡಿತವೋ ಅಷ್ಟು ದಪ್ಪ. ಒಂದೇ ಚೇಂಬರಿನಲ್ಲಿ ಐದಾರು ಬಿಲ್ಲೆಗಳನ್ನಿಟ್ಟು ಒಂದರ ಮೇಲೊಂದು ಬೇರೆ ಬೇರೆ ವಸ್ತುಗಳ ಪದರ ಕಟ್ಟಲೂಬಹುದು. ಸಂಶೋಧಕರಿಗೆ ಈ ವಿಧಾನ ಅಚ್ಚುಮೆಚ್ಚಾಗಿರಲು ಇದೂ ಕಾರಣ.

ಬೆಳೆಸುವುದು ಎಂದರೇನು?

ತಾಯಿ ಕೇಳಿದ ಪ್ರಶ್ನೆಗೆ ಈಗ ಬಂದೆವು. ಬಳಿಯುವುದು, ಲೇಪಿಸುವುದು ಎನ್ನದೆ ಬೆಳೆಸುವುದು ಎನ್ನಲು ಕಾರಣವಿದೆ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಬೆಳೆಯುತ್ತದೆ. ಮೊದಲು ಕೂತ ಕಣದ ಮೂಲೆ, ಮುಖಗಳಿಗೆ ಹೊಂದಿಕೊಂಡೇ ಮುಂದಿನ ಕಣ ಕೂರುತ್ತದೆ. ಹೀಗೆ ಪರಮಾಣುಗಳು ಕ್ರಮ ತಪ್ಪದೆ ಜೋಡಿಸಿಕೊಂಡ ರಚನೆಗೆ ಹರಳು ಎನ್ನುತ್ತೇವೆ. ಉತ್ತಮ ತೆಳುಪದರವೂ ಹರಳೇ. ಅದು ಕೆಳಗಿನ ತಳಹಾಸಿನ ಕ್ರಮವನ್ನು ನೋಡಿ ತನ್ನ ಸಾಲು ಹಿಡಿಯುತ್ತದೆ.

ಚಿತ್ರದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಎಬ್ಬಿಸಿದ ಗೋಡೆಗಳನ್ನು ನೋಡಿ. ಕೆಳಸಾಲಿನ ಕಲ್ಲಿನ ಅಂಚು ಮೇಲಿನ ಕಲ್ಲಿನ ಅಂಚನ್ನು ತೀರ್ಮಾನಿಸಿದೆ. ಇಲ್ಲೂ ಅಳತೆ ಕೂಡಿಬರಬೇಕು. ವೈಬಿಸಿಒ ಬೆಳೆಸಲು ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಹರಳಿನ ಚೌಕವನ್ನು ಆರಿಸಿಕೊಳ್ಳುವುದು ಎರಡರ ಪರಮಾಣು ಸಾಲುಗಳ ಅಂತರವೂ 0.39 ನ್ಯಾನೊಮೀಟರಿನ ಹತ್ತಿರ ಇರುವುದರಿಂದ. ಅಂತರ ಬಹಳ ಬೇರೆಯಾದರೆ ಪದರ ಎಳೆದಾಡಿಕೊಂಡು ಬಿರುಕು ಬಿಡುತ್ತದೆ.

ಅಳತೆ ಹೊಂದಿದರೆ ಸಾಲದು, ಬಿದ್ದ ಪರಮಾಣುವಿಗೆ ಸ್ವಲ್ಪ ಓಡಾಡಿ ತನ್ನ ಜಾಗ ಹುಡುಕಿಕೊಳ್ಳಲು ಬಿಡಬೇಕು. ಕಾವಲಿಯಿಂದ ಆಗ ತೆಗೆದ ದೋಸೆಯ ಮೇಲೆ ಬೆಣ್ಣೆ ಇಟ್ಟರೆ ಅದು ಕರಗಿ ಅಂಚಿನವರೆಗೂ ಹರಿಯುತ್ತದೆ. ತಣ್ಣಗಾದ ದೋಸೆಯ ಮೇಲೆ ಇಟ್ಟಲ್ಲೇ ಮುದ್ದೆಯಾಗಿ ಕೂರುತ್ತದೆ. ಅದಕ್ಕಾಗಿ ತಳಹಾಸನ್ನು 600ರಿಂದ 800 ಡಿಗ್ರಿಯವರೆಗೆ ಕಾಯಿಸುತ್ತಾರೆ. ತೀರ ಹೆಚ್ಚಾದರೂ ತೊಂದರೆಯೇ. ಪದರದ ಕೆಲವು ಧಾತುಗಳು ಮತ್ತೆ ಆವಿಯಾಗಿ ಹೋಗುತ್ತವೆ, ಅಥವಾ ಪದರ ಮತ್ತು ತಳಹಾಸು ಒಂದರೊಳಗೊಂದು ಬೆರೆಯುತ್ತವೆ.

ಬೆಳೆಯುವಾಗಲೇ ಸಾಲು ಎಣಿಸುವ ಉಪಾಯವೂ ಇದೆ. ಎಲೆಕ್ಟ್ರಾನುಗಳ ಕಿರಣವನ್ನು ಮೇಲ್ಮೈಗೆ ಸವರಿದಂತೆ ಓರೆಯಾಗಿ ಹಾಯಿಸುತ್ತಾರೆ. ಒಂದು ಸಾಲು ಪೂರ್ತಿ ತುಂಬಿ ನುಣುಪಾದಾಗ ಪ್ರತಿಫಲಿಸಿದ ಕಿರಣದ ಹೊಳಪು ಏರುತ್ತದೆ, ಅರ್ಧ ತುಂಬಿ ತರಿತರಿಯಾದಾಗ ಇಳಿಯುತ್ತದೆ. ಏರಿಳಿತಗಳನ್ನು ಎಣಿಸಿದರೆ ಸಾಲುಗಳನ್ನು ಎಣಿಸಿದಂತೆಯೇ.

1987ರ ತಿರುವು

ಲೇಸರ್ ಮೊದಲು ಬೆಳಗಿದ್ದು 1960ರಲ್ಲಿ. ಐದೇ ವರ್ಷಕ್ಕೆ, 1965ರಲ್ಲಿ, ಸ್ಮಿತ್ ಮತ್ತು ಟರ್ನರ್ ಎಂಬ ಸಂಶೋಧಕರು ರೂಬಿ ಲೇಸರ್ ಬಳಸಿ ತೆಳುಪದರ ಕೂರಿಸಿ ತೋರಿಸಿದರು. ಆ ಬಳಿಕ ಎರಡು ದಶಕ ಈ ವಿಧಾನವನ್ನು ಕೇಳುವವರು ವಿರಳ. 1987ರಲ್ಲಿ ವೈಬಿಸಿಒ ಬೆಳಕಿಗೆ ಬಂದಾಗ ಪರಿಸ್ಥಿತಿ ಬದಲಾಯಿತು. −196 ಡಿಗ್ರಿಯ ದ್ರವ ಸಾರಜನಕದಲ್ಲೇ ಅತಿವಾಹಕವಾಗುವ ವಸ್ತು ಸಿಕ್ಕಿತ್ತು. ಆದರೆ ನಾಲ್ಕು ಧಾತುಗಳ ಆ ಪಾಕವನ್ನು ಪದರವಾಗಿಸುವುದು ತೊಡಕಿನ ಕೆಲಸವಾಗಿತ್ತು. ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದಲ್ಲಿ ಡಿಕ್‌ಕಾಂಪ್ ಮತ್ತು ಭಾರತ ಮೂಲದ ಟಿ. ವೆಂಕಟೇಶನ್ ಇದ್ದ ತಂಡ ಅದೇ ವರ್ಷ ಎಕ್ಸೈಮರ್ ಲೇಸರಿನಿಂದ ಅದನ್ನು ಸಾಧಿಸಿತು. ಅಲ್ಲಿಂದ ಮುಂದೆ ಪಿಎಲ್‌ಡಿ ದೇಶ ದೇಶಗಳ ಪ್ರಯೋಗಾಲಯಗಳಿಗೆ ಹಬ್ಬಿತು.

ಮೊಬೈಲಿಗೂ ಇದಕ್ಕೂ ಏನು ಸಂಬಂಧ?

ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಕಿಡಿ ಹಾರುವುದು ಒಳಗಿನ ತುಣುಕೊಂದು ಪೆಟ್ಟು ತಿಂದು ವಿದ್ಯುತ್ ಹುಟ್ಟಿಸುವುದರಿಂದ. ಅಂಥ ವಸ್ತುವಿಗೆ ತಿರುಗಿ ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಮೊಬೈಲಿನ ಆಂಟೆನಾಗೆ ಒಮ್ಮೆಲೇ ನೂರೆಂಟು ಸಂಕೇತಗಳು ಬಂದು ಬಡಿಯುತ್ತವೆ. ತನಗೆ ಬೇಕಾದ ತರಂಗಕ್ಕೆ ಮಾತ್ರ ಕಂಪಿಸುವ ತೆಳುಪದರಗಳು ಅವನ್ನು ಜರಡಿ ಹಿಡಿಯುತ್ತವೆ. ಇಂಥ ಜರಡಿಗೆ ಬಳಸುವ ಮುಖ್ಯ ವಸ್ತು ಅಲ್ಯೂಮಿನಿಯಂ ನೈಟ್ರೈಡ್. ಇದರಲ್ಲಿ ಅಲ್ಯೂಮಿನಿಯಂನ ಶೇ 40ರಷ್ಟು ಜಾಗವನ್ನು ಸ್ಕ್ಯಾಂಡಿಯಂ ಎಂಬ ಲೋಹಕ್ಕೆ ಕೊಟ್ಟರೆ ಈ ಗುಣ ಸುಮಾರು ಐದು ಪಟ್ಟಾಗುತ್ತದೆ ಎಂಬುದನ್ನು ಜಪಾನಿನ ಮೊರಿಟೊ ಅಕಿಯಾಮಾ ಮತ್ತು ಸಂಗಡಿಗರು 2009ರಲ್ಲಿ ಕಂಡುಕೊಂಡರು. ಆದರೆ ಸ್ಕ್ಯಾಂಡಿಯಂ ಹೆಚ್ಚಿದಷ್ಟೂ ದೋಷವಿಲ್ಲದ ಪದರ ಕಟ್ಟುವುದು ಕಷ್ಟ. ಲ್ಯಾಮ್ ಕಂಪನಿಯ ಪಲ್ಸಸ್ ಎಂಬ ಯಂತ್ರ ಈ ಕಷ್ಟವನ್ನು ಲೇಸರಿನಿಂದ ಬಿಡಿಸಲು ಬಂದದ್ದು. 5ಜಿ ಫೋನಿನ ಜರಡಿಗಳು, ಪುಟಾಣಿ ಮೈಕ್ರೊಫೋನುಗಳು ಅದರ ಮಾರುಕಟ್ಟೆ.

ಇಷ್ಟು ದಿನ ಕಾರ್ಖಾನೆ ಏಕೆ ಹಿಂಜರಿಯಿತು?

ಎರಡು ಕಾರಣ. ಪ್ಲೂಮ್ ನೇರ ಮುಂದಕ್ಕೆ ಚಾಚುವುದರಿಂದ ಸಮನಾದ ಪದರ ಸಿಗುವುದು ಒಂದೆರಡು ಚದರ ಸೆಂಟಿಮೀಟರಿಗೆ ಮಾತ್ರ. ಕಾರ್ಖಾನೆಗೆ ಊಟದ ತಟ್ಟೆಯಷ್ಟು ಅಗಲದ ತಳಹಾಸುಗಳ ಮೇಲೆ ಬೇಕು. ಇನ್ನೊಂದು, ಲೇಸರ್ ತಾಗಿದಾಗ ಗುರಿಯ ಮೇಲ್ಮೈ ಕರಗಿ, ಒಗ್ಗರಣೆ ಸಿಡಿದಂತೆ ಸಣ್ಣ ಹನಿಗಳು ಆವಿಯೊಂದಿಗೇ ಹಾರುತ್ತವೆ. 100 ನ್ಯಾನೊಮೀಟರ್ ಪದರದ ಮೇಲೆ 1,000 ನ್ಯಾನೊಮೀಟರಿನ ಹನಿ ಬಂದು ಕೂತರೆ ಗದ್ದೆಯಲ್ಲಿ ಬಂಡೆ ಬಿದ್ದಂತೆ. ಕಿರಣವನ್ನು ಗುರಿಯುದ್ದಕ್ಕೂ ಆಡಿಸುವುದು, ತಳಹಾಸನ್ನು ತಿರುಗಿಸುವುದು, ಗುರಿಯನ್ನು ಇನ್ನಷ್ಟು ಗಟ್ಟಿಯಾಗಿ ಸುಟ್ಟು ನುಣುಪು ಮಾಡುವುದು, ಹೀಗೆ ಎರಡಕ್ಕೂ ಪರಿಹಾರಗಳು ನಿಧಾನವಾಗಿ ಬಂದಿವೆ.

ಡಬ್ಬಿಯಲ್ಲಿದ್ದ ಚೌಕ

ವೈಬಿಸಿಒ ಪದರ ಬೆಳೆದು ಮುಗಿದಾಗ ಅದರಲ್ಲಿ ಆಮ್ಲಜನಕ ಸಾಲದಾಗಿರುತ್ತದೆ. ಲೇಸರ್ ನಿಂತ ಮೇಲೆ ಚೇಂಬರಿಗೆ ಧಾರಾಳವಾಗಿ ಆಮ್ಲಜನಕ ತುಂಬಿ, 500 ಡಿಗ್ರಿಯ ಆಸುಪಾಸಿನಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿದು, ನಿಧಾನವಾಗಿ ತಣಿಸಬೇಕು. ಅಷ್ಟರಲ್ಲಿ ಆಮ್ಲಜನಕ ಹರಳಿನೊಳಗೆ ಇಳಿದು ಖಾಲಿ ಜಾಗಗಳನ್ನು ತುಂಬುತ್ತದೆ. ಇದಾಗದಿದ್ದರೆ ಪದರ ಕಪ್ಪಾಗಿಯೇ ಕಾಣುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ, ಎಕ್ಸ್‌ರೇಯಲ್ಲಿ ಸಾಲುಗಳೂ ನೆಟ್ಟಗಿರುತ್ತವೆ, ಆದರೆ ದ್ರವ ಸಾರಜನಕದಲ್ಲಿ ಅದ್ದಿ ವಿದ್ಯುತ್ ಹಾಯಿಸಿದಾಗ ತಡೆ ಸೊನ್ನೆಗೆ ಇಳಿಯುವುದಿಲ್ಲ.

ಅವಳು ಮನೆಗೆ ತಂದದ್ದು ಅಂಥದ್ದೇ ಒಂದು. ಮೂರು ದಿನದ ಕೆಲಸದ ಕೊನೆಯಲ್ಲಿ, ರಾತ್ರಿ ಹತ್ತರ ಹೊತ್ತಿಗೆ, ಆಮ್ಲಜನಕದ ಕವಾಟ ತೆರೆಯುವುದು ಕೆಲವು ನಿಮಿಷ ತಡವಾಯಿತಂತೆ. ಅದನ್ನು ಕೇಳಿದ ತಾಯಿ ಡಬ್ಬಿಯ ಮುಚ್ಚಳ ಹಾಕಿ, ಸೆರಗಿನಿಂದ ಒರೆಸಿ, ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಮಗಳ ಎಂ.ಎಸ್ಸಿ. ಫೋಟೋದ ಮುಂದೆ ಇಟ್ಟರು. ಅದು ಈಗಲೂ ಅಲ್ಲೇ ಇದೆ.